ಉಪ್ಪುಬಾವಿಯ ಒಗ್ಗರಣೆ ಡಬ್ಬಿ

ನಮ್ಮೂರಿನಲ್ಲಿ ಫೋನನ್ನು ಅಂಗಡಿಯಲ್ಲಿ ಕೊಳ್ಳುವುದಿಲ್ಲ, ಬಾವಿಯಿಂದ ಸೇದಿಕೊಳ್ಳುತ್ತಾರೆ. ಊರ ನಡುವಿನ ಬಯಲಿನಲ್ಲಿ ಮೂಡಲಿಗೆ ಸಿಹಿಬಾವಿ, ಪಡುವಲಿಗೆ ಉಪ್ಪುಬಾವಿ. ಹದಿನಾರು ತುಂಬಿದವರು ತಲೆಗೆ ನೀರು ಹಾಕಿಕೊಂಡು ಬಂದು, ಎರಡರಲ್ಲಿ ಒಂದಕ್ಕೆ ಕೊಡ ಇಳಿಸಿ, ತಮ್ಮ ಪಾಲಿನ ಫೋನನ್ನು ಮೇಲೆತ್ತುತ್ತಾರೆ. ಕಟ್ಟಿಕೊಂಡವರು ಬಿಟ್ಟುಹೋದರೂ ಅದು ಬಿಡುವುದಿಲ್ಲ, ಜೀವಮಾನದ ಜೊತೆ.

ಸಿಹಿಬಾವಿಯ ಫೋನುಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಒಂದೇ ಮುಖದವು. ನುಣ್ಣಗೆ, ತಣ್ಣಗೆ, ಕೈಗೆ ಬಂದ ಗಳಿಗೆಯಿಂದಲೇ ಕೆಲಸಕ್ಕೆ ಸಿದ್ಧ. ಯಾರೂ ಹೇಳಿಕೊಡಬೇಕಾಗಿಲ್ಲ, ಯಾರಿಂದಲೂ ಕೇಳಬೇಕಾಗಿಲ್ಲ. ಎಷ್ಟೇ ಹಳೆಯದಾಗಲಿ, ಬಾವಿಗೆ ಹೊಸ ನೀರು ಬಂದಾಗಲೆಲ್ಲ ಅದರ ಒಳಗೂ ಹೊಸತಾಗುತ್ತದೆ. ಆದರೆ ಬಾವಿ ಕೊಟ್ಟದ್ದರ ಹೊರತು ಒಂದು ಸಾಸಿವೆ ಕಾಳನ್ನೂ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊಸದೊಂದು ಆ್ಯಪು ಬೇಕೆಂದರೆ ಅದನ್ನು ಕಾರ್ಡಿಗೆ ತುಂಬಿ ಬಾವಿಕಟ್ಟೆಯ ಯಜಮಾನರ ಕೈಗೆ ಕೊಡಬೇಕು. ಅವರು ಕೊಡದಲ್ಲಿಟ್ಟು ಇಳಿಸುತ್ತಾರೆ. ಬಾವಿ ಒಪ್ಪಿದರೆ ಕೊಡ ಖಾಲಿ ಬರುತ್ತದೆ. ಒಪ್ಪದಿದ್ದರೆ ಕಾರ್ಡು ಒದ್ದೆಯಾಗಿ ಇಟ್ಟ ಹಾಗೇ ವಾಪಸು.

ಉಪ್ಪುಬಾವಿಯದು ಹಾಗಲ್ಲ. ಅಲ್ಲಿ ಒಂದರಂತೆ ಒಂದಿಲ್ಲ. ಒಂದು ಚಪ್ಪಟೆ, ಒಂದು ಡುಬ್ಬ, ಒಂದಕ್ಕೆ ಹುಟ್ಟುತ್ತಲೇ ಬೆನ್ನು ಬಿರುಕು. ಅವಕ್ಕೆ ಏನು ಬೇಕಾದರೂ ತುಂಬಬಹುದು, ಬೇಡವಾದದ್ದನ್ನು ಕಿತ್ತು ಎಸೆಯಬಹುದು, ಮುಖವನ್ನೇ ಬದಲಿಸಬಹುದು. ಬಾಗಿಲಿಲ್ಲದ ಮನೆಗೆ ನಾಯಿಯೂ ನುಗ್ಗುತ್ತದೆ ಎಂಬಂತೆ ಏನೇನೋ ಅದರೊಳಗೆ ನುಗ್ಗುವುದೂ ಉಂಟು. ಸಾವಿನ ಮನೆಯಲ್ಲಿ ಎಲ್ಲರೂ ಅಳುತ್ತಿರುವಾಗ ಯಾರದೋ ಸೊಂಟದಲ್ಲಿ ಹಲ್ಲುಪುಡಿಯ ಜಾಹೀರಾತು ಹಾಡಲು ಶುರುಮಾಡುತ್ತದೆ. ಕಮ್ಮಾರರ ಬೀದಿಯ ಒಂದು ಫೋನು ಏನು ತಿಂದಿತ್ತೋ ಏನೋ, ಹುಂಜದ ಹಾಗೆ ಕೂಗುತ್ತಿತ್ತು. ಮೊದಮೊದಲು ಬೈದ ಬೀದಿಯವರು ಕೊನೆಗೆ ಅದರ ಕೂಗಿಗೇ ಏಳುವುದನ್ನು ರೂಢಿ ಮಾಡಿಕೊಂಡರು.

ಯಾವ ಬಾವಿ ಮೇಲು ಎಂಬ ಜಗಳ ಊರಿನಷ್ಟೇ ಹಳೆಯದು. ಹೆಣ್ಣು ನೋಡಲು ಹೋದವರು ಕಾಫಿ ಲೋಟ ಕೆಳಗಿಡುವ ಮೊದಲೇ ಅದನ್ನು ಕೇಳಿಬಿಡುತ್ತಾರೆ. ನಮ್ಮದು ಸಿಹಿಬಾವಿಯ ಮನೆತನ. ಆದರೂ ನಾನು ಹದಿನಾರರಲ್ಲಿ ಉಪ್ಪುಬಾವಿಗೆ ಕೊಡ ಇಳಿಸಿದೆ. ತಪ್ಪು ಅಜ್ಜಿಯದು. ಅವಳ ಕಥೆಗಳಲ್ಲಿ ಯಾವ ಹುಡುಗಿಯೂ ತೆರೆಯಬೇಡ ಎಂದ ಬಾಗಿಲನ್ನು ತೆರೆಯದೆ ಬಿಟ್ಟದ್ದಿಲ್ಲ. ಅಂಥ ಕಥೆಗಳನ್ನು ಅನ್ನದ ಜೊತೆ ಕಲೆಸಿ ತಿನ್ನಿಸಿದರೆ ಮೊಮ್ಮಗಳು ಇನ್ನೇನಾದಾಳು?

ಅಜ್ಜಿಯ ಹೆಸರು ಹೊನ್ನಾಜಮ್ಮ. ಎರಡು ಬಾವಿಗಳ ನಡುವೆ ಮೊಣಕಾಲೆತ್ತರದ ಒಂದು ಕಥೆಗಲ್ಲು ಇದೆ. ಮಳೆಗಾಲಕ್ಕೆ ಮುಂಚೆ ಬರುವ ಕೊಡದ ಹಬ್ಬದ ಸಂಜೆ ಅದರ ಮೇಲೆ ಕೂತು ಕಥೆ ಹೇಳುವವಳು ಅವಳೇ. ಒನಕೆ ನುಂಗಿದ ರಾಜಕುಮಾರಿಯ ಕಥೆ ಊರಿಗೆ ಬಾಯಿಪಾಠ. ಅದರಲ್ಲೂ ರಾಜಕುಮಾರಿ ತನ್ನ ಒನಕೆ ನುಂಗಿಬಿಟ್ಟಳೆಂದು ರಾಕ್ಷಸಿ ಬೈಯುವ ಭಾಗ ಬಂದರೆ ಮಕ್ಕಳು ಮಾತ್ರವಲ್ಲ, ಮಕ್ಕಳನ್ನು ಕರೆತಂದವರೂ ಮೊಣಕಾಲ ಮೇಲೆ ಏಳುತ್ತಿದ್ದರು. ಆ ಬೈಗುಳ ವರ್ಷ ವರ್ಷವೂ ಬೆಳೆಯುತ್ತಿತ್ತು. ಅಜ್ಜಿ ವರ್ಷವಿಡೀ ಅದಕ್ಕಾಗಿ ಹೊಸ ಬೈಗುಳ ಕೂಡಿಡುತ್ತಿದ್ದಳು, ಬೇರೆಯವರು ಉಪ್ಪಿನಕಾಯಿಗೆ ಮಿಡಿ ಕೂಡಿಡುವ ಹಾಗೆ.

ಹೋದ ವರ್ಷ ಹಬ್ಬದ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿದ್ದಳು. ಗಂಟಲಲ್ಲಿ ಗಡ್ಡೆ. ಡಾಕ್ಟರು ಅದನ್ನು ತೆಗೆದಾಗ ಜೀವ ಉಳಿಯಿತು, ದನಿ ಹೋಯಿತು. ಮನೆಗೆ ಬಂದ ಮೇಲೆ ಅಜ್ಜಿ ಫೋನಿನಲ್ಲಿ ಬರೆಯುತ್ತಿದ್ದಳು, ಫೋನು ಅದನ್ನು ಓದಿ ಹೇಳುತ್ತಿತ್ತು. ಸಿಹಿಬಾವಿಯ ಫೋನು ಆ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿತ್ತು ಎನ್ನಬೇಕು. ನಡುಗುವ ಬೆರಳು ಎಲ್ಲಿ ಮುಟ್ಟಿದರೂ ಏನು ಹೇಳಬೇಕೆಂದಿದ್ದಾಳೆಂದು ಅರ್ಧ ತಾನೇ ಊಹಿಸುತ್ತಿತ್ತು. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಾಗ ತಾನೇ ಅಜ್ಜಿಯ ಮಗಳು ಮಂಗಳತ್ತೆಗೆ ಫೋನು ಮಾಡಿ ಕರೆದಿತ್ತು. ಆದರೆ ದನಿ ಮಾತ್ರ ಬಾವಿಯದು. ಹವಾಮಾನ ವರದಿ ಓದುವ ಹುಡುಗಿಯ ದನಿ.

ಇನ್ನೊಂದು ಕಷ್ಟವಿತ್ತು. ಸಿಹಿಬಾವಿಯ ಫೋನಿಗೆ ಬೈಗುಳ ಆಗದು. ಬರೆದರೂ ಅಷ್ಟೇ, ಅದರ ಕಿವಿಗೆ ಬಿದ್ದರೂ ಅಷ್ಟೇ, ಕೂಡಲೇ ಟಿಣ್ ಎಂದು ಗಂಟೆ ಬಾರಿಸುತ್ತದೆ. ಅದಕ್ಕೇ ಉಪ್ಪುಬಾವಿಯ ಕಡೆಯವರು ಸಿಹಿಬಾವಿಯವರನ್ನು ಗಂಟೆ ಮಂದಿ ಎಂದು ಆಡಿಕೊಳ್ಳುವುದು. ಆಸ್ಪತ್ರೆಯಿಂದ ಬಂದ ದಿನ ಮಂಗಳತ್ತೆ ಕೊಟ್ಟ ಉಪ್ಪಿಲ್ಲದ ಗಂಜಿಯನ್ನು ಬಾಯಿಗಿಟ್ಟ ಅಜ್ಜಿ ಏನೋ ಬರೆದಳು. ಫೋನು ಸುಶ್ರಾವ್ಯವಾಗಿ ಹೇಳಿತು: "ಇದನ್ನು ನಿನ್ನ ಟಿಣ್ ಗಂಡನಿಗೆ ಕುಡಿಸು, ಟಿಣ್." ಆ ದಿನದಿಂದ ನಮ್ಮ ಮನೆಯಲ್ಲಿ ಗಂಟೆ ನಿಂತದ್ದಿಲ್ಲ. ಪಕ್ಕದ ಮನೆಯವರು ಏನೋ ವ್ರತ ಹಿಡಿದಿದ್ದಾರೆಂದು ತಿಳಿದು ಪ್ರಸಾದ ಕೇಳಿಕೊಂಡು ಬಂದರು.

ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಒನಕೆ ಕಥೆಯನ್ನೂ ಹೇಳಿ ನೋಡಿದಳು. ಬೈಗುಳದ ಭಾಗದಲ್ಲಿ ಬರೀ ಟಿಣ್ ಟಿಣ್. ಒಬ್ಬಳು ಪುಟ್ಟಿ ಕೈಮುಗಿದು ಎದ್ದುಬಿಟ್ಟಳು. "ಅಜ್ಜಿ, ಇದು ಕಥೆ ಅಲ್ಲ, ಪೂಜೆ." ಅಜ್ಜಿ ಫೋನನ್ನು ಮಗುಚಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು.

ಈ ವರ್ಷದ ಹಬ್ಬ ಹತ್ತಿರ ಬಂದಾಗ ಕಟ್ಟೆ ಯಜಮಾನ ಶಾಂತವೀರಯ್ಯನವರು ಮನೆಗೆ ಬಂದರು. ಸಿಹಿಬಾವಿಯ ಮೇಲ್ವಿಚಾರಣೆ ಅವರದು. ಒಳ್ಳೆಯ ಮನುಷ್ಯರು, ಇಸ್ತ್ರಿ ಮಾಡಿದ ಅಂಗಿಯಂಥವರು. ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು:

"ಹೊನ್ನಾಜಮ್ಮ, ಕಥೆಗಲ್ಲು ಎರಡು ಹಬ್ಬ ಮೂಕವಾಗಿರ್ಬಾರ್ದು ಅನ್ನೋದು ನಿಮಗೂ ಗೊತ್ತು. ಈ ಸಲ ನಿಮ್ಮ ಕೈಲಿ ಆಗ್ದಿದ್ರೆ ಕಲ್ಲಿನ ಮೇಲೆ ಕಥೆ ಹೇಳೋ ಬಾವಿ ಪೆಟ್ಟಿಗೆ ಕೂರಿಸ್ತೀವಿ. ಅದರಲ್ಲೂ ಚೆನ್ನಾಗಿರೋ ಕಥೆಗಳೇ ಇವೆ."

"ಒನಕೆ ಕಥೆ ಇದೆಯಾ ಮಾಮ ಅದರಲ್ಲಿ?" ಎಂದೆ.

"ಇದೆಯಮ್ಮ. ಸ್ವಲ್ಪ ತಿದ್ದಿದಾರೆ. ರಾಜಕುಮಾರಿ ಬಾಳೆಹಣ್ಣು ನುಂಗ್ತಾಳೆ."

ಅಜ್ಜಿ ಫೋನಿಗೆ ಕೈ ಹಾಕಲಿಲ್ಲ. ಅವರನ್ನು ಸುಮ್ಮನೆ ನೋಡಿದಳು. ಕಲ್ಲಿನ ಮುಂದೆ ಮೂಗು ಸುರಿಸಿಕೊಂಡು ಕೂತು ಎಲ್ಲರಿಗಿಂತ ಜೋರಾಗಿ ಬೈಗುಳ ಒಪ್ಪಿಸುತ್ತಿದ್ದ ಹುಡುಗ ಆ ಇಸ್ತ್ರಿ ಅಂಗಿಯೊಳಗೆ ಎಲ್ಲಿ ಹೋದನೆಂದು ಹುಡುಕುತ್ತಿದ್ದಳೇನೋ.

ನನ್ನ ಫೋನಿನಲ್ಲಿ ಅಜ್ಜಿಯ ಹಳೆಯ ಕಥೆಗಳೆಲ್ಲ ಅವಳ ದನಿಯಲ್ಲೇ ಇದ್ದವು. ಅದನ್ನು ಹಾಕಿದರಾಯಿತಲ್ಲ ಎಂದು ಮಂಗಳತ್ತೆ ಅಂದಳು. ಅಜ್ಜಿ ತಲೆ ಅಡ್ಡಡ್ಡ ಆಡಿಸಿದಳು. ಹೇಳಿದ್ದನ್ನೇ ಹೇಳಿದರೆ ಅದು ಕಥೆಯೇ? ಎದುರಿಗೆ ಕೂತವರ ಮುಖ ನೋಡಿ ಹಿಗ್ಗಿಸಬೇಕು, ಕುಗ್ಗಿಸಬೇಕು, ಬಾಯಿಗೆ ಬಂದದ್ದನ್ನು ಸೇರಿಸಬೇಕು.

ಉಪ್ಪುಬಾವಿಯ ಮೆಟ್ಟಿಲ ಮೇಲೆ ಜುಬೇದಕ್ಕನ ರಿಪೇರಿ ಅಂಗಡಿ. ಹಳೆಯ ಕಥೆಗಳನ್ನು ಕೇಳಿಸಿ ಕೇಳಿಸಿ ಫೋನಿಗೆ ಒಬ್ಬರ ದನಿ ಕಲಿಸುವ ಆ್ಯಪನ್ನು ಅವಳು ಕಟ್ಟಿದ್ದಳು. ಕಲಿತ ಮೇಲೆ ಏನು ಬರೆದರೂ ಫೋನು ಆ ದನಿಯಲ್ಲೇ ಹೇಳುತ್ತದೆ. ನಾವು ಮೊದಲು ಅದನ್ನು ಕಾರ್ಡಿಗೆ ತುಂಬಿ ಸಿಹಿಬಾವಿಗೇ ಒಯ್ದೆವು. ಶಾಂತವೀರಯ್ಯನವರು ಕೊಡ ಇಳಿಸಿದರು. ಕಾರ್ಡು ಒದ್ದೆಯಾಗಿ ವಾಪಸು ಬಂತು. ಒರೆಸಿ ಇನ್ನೊಮ್ಮೆ ಇಳಿಸಿದರು. ಮತ್ತೆ ಬಂತು.

"ಬಾವಿ ಒಪ್ತಾ ಇಲ್ಲಮ್ಮ," ಎಂದರು. "ಹೊರಗಿನ ದನಿ ಒಳಗೆ ಬಿಟ್ರೆ ನಾಳೆ ಕಳ್ಳ ಬಂದು ನಿಮ್ಮಜ್ಜಿ ದನೀಲೇ ಬಾಗಿಲು ತೆಗೀರಿ ಅಂತಾನೆ. ಬಾವಿ ಸುಮ್ನೆ ಬೇಡ ಅನ್ನಲ್ಲ."

"ಅಜ್ಜಿ ದನಿ ಅಜ್ಜಿಗೇ ಹೊರಗಿನದಾ ಮಾಮ?"

ಅವರು ಕಾರ್ಡನ್ನು ಇನ್ನೊಮ್ಮೆ ಒರೆಸಿ ನನ್ನ ಕೈಗಿಟ್ಟು, ಹಗ್ಗ ಸುತ್ತತೊಡಗಿದರು.

ಇದ್ದದ್ದು ಒಂದೇ ದಾರಿ. ಕೊಡದ ಹಬ್ಬದ ಬೆಳಿಗ್ಗೆ ಯಾರು ಬೇಕಾದರೂ ತಮ್ಮ ಫೋನನ್ನು ಅದರ ಬಾವಿಗೆ ಹಿಂತಿರುಗಿಸಿ ಇನ್ನೊಂದರಿಂದ ಸೇದಿಕೊಳ್ಳಬಹುದು. ಜೀವಮಾನದಲ್ಲಿ ಒಮ್ಮೆ. ಹೋದದ್ದು ಮತ್ತೆ ಬರುವುದಿಲ್ಲ. ಎರವಲು ಫೋನು ಕಥೆಗಲ್ಲಿನ ಮೇಲೆ ಮೂಕವಾಗುವುದರಿಂದ ನನ್ನದನ್ನು ಕೊಟ್ಟು ಪಾರಾಗುವಂತಿರಲಿಲ್ಲ. ಮಂಗಳತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಲೇ ವೇಣಿ, ನೀನು ಕನಸು ಕಾಣೋಳು, ಕಾಣು. ಅಮ್ಮನ್ನ ಯಾಕೆ ಎಳೀತೀಯ? ಬಿದ್ದಾಗ ಕೂಗಿ ಕರೆದ ಫೋನು ಕಣೇ ಅದು. ನಿನ್ನ ಉಪ್ಪುಬಾವೀದು ಬಿದ್ದೋರಿಗೆ ಹಲ್ಲುಪುಡಿ ಮಾರುತ್ತೆ."

ಅವಳ ಮಾತು ಸುಳ್ಳಲ್ಲ. ಅದೇ ನನಗೆ ನಿದ್ದೆ ಕೆಡಿಸಿದ್ದು. ಜುಬೇದಕ್ಕನನ್ನು ಕೇಳಿದೆ. "ಬಿದ್ರೆ ಕೂಗೋದು ನಾನು ಕಟ್ಕೊಡ್ತೀನಿ," ಎಂದಳು. "ಮೊದಮೊದ್ಲು ಬೀಳ್ದಿದ್ರೂ ಕೂಗುತ್ತೆ, ಆಗ ನನ್ನ ಬೈಬಾರ್ದು. ದನೀನೂ ಆಯ್ತು. ಆದ್ರೆ ನಿಮ್ಮಜ್ಜಿ ಕೈಲಿ ಇದನ್ನ ಹಿಡಿಸೋದು ನಿನ್ನ ಪಾಡು."

ಪರೀಕ್ಷೆಗೆಂದು ನನ್ನ ಫೋನಿಗೆ ದನಿ ತುಂಬಿಸಿಕೊಂಡು ಮನೆಗೆ ತಂದೆ. ನಾನೇ ಬರೆದು ಒತ್ತಿದೆ. ಅಜ್ಜಿಯ ದನಿ, ಆ ಗೊಗ್ಗರು, ಮಾತಿನ ಕೊನೆಯಲ್ಲಿ ನಗು ಬೆರೆಸುವ ಆ ಚಾಳಿ, ಎಲ್ಲ ಸಮೇತ ಅಡುಗೆಮನೆಯಲ್ಲಿ ಕೇಳಿತು: "ಕಾಫಿ ಕೊಡ್ರೇ ಯಾರಾದ್ರೂ." ಹಿತ್ತಲಲ್ಲಿದ್ದ ಮಂಗಳತ್ತೆ "ಬಂದೆ ಕಣಮ್ಮ" ಎಂದು ಓಗೊಟ್ಟವಳು ಅಲ್ಲೇ ನಿಂತುಬಿಟ್ಟಳು. ಅಜ್ಜಿ ಫೋನನ್ನು ಎದೆಗೆ ಒತ್ತಿಕೊಂಡಳು, ಕಳೆದುಹೋಗಿದ್ದ ಕೋಳಿಮರಿಯನ್ನು ಎತ್ತಿಕೊಂಡಂತೆ.

ಆದರೆ ಅದನ್ನು ಅವಳು ಬಳಸಲಾರದೆ ಹೋದಳು. ನಾನು ಫೋನಿನ ಮುಖವನ್ನು ಸಿಹಿಬಾವಿಯದರಂತೆಯೇ ಮಾಡಿ ಕೊಟ್ಟಿದ್ದೆ. ಅದೇ ಬಣ್ಣ, ಅದೇ ಗುಂಡಿ, ಅದೇ ಜಾಗ. ಗುಂಡಿ ಅದೇ ಇದ್ದರೇನು, ಅದರ ಹಿಂದೆ ಬೆರಳಿನ ಮನಸ್ಸು ಊಹಿಸುವ ಬಾವಿ ಇರಲಿಲ್ಲ. ಮಂಗಳತ್ತೆಯ ಬೀಗರು ಬಂದಿದ್ದಾಗ ಅಜ್ಜಿ "ಊಟ ಮಾಡ್ಕೊಂಡು ಹೋಗಿ" ಎನ್ನಲು ಹೋದಳು. ಬೆರಳು ಜಾರಿತು. ಫೋನು ಅವಳದೇ ದನಿಯಲ್ಲಿ "ಹೋಗಿ, ಹೋಗಿ, ಹೋಗಿ" ಎನ್ನತೊಡಗಿ ನಿಲ್ಲಲೇ ಇಲ್ಲ. ನಾನು ಬಂದು ಕಿತ್ತುಕೊಳ್ಳುವಷ್ಟರಲ್ಲಿ ಬೀಗರು ಚಪ್ಪಲಿ ಮೆಟ್ಟಿಕೊಂಡಿದ್ದರು.

ಅಜ್ಜಿ ತನ್ನ ಹಳೆಯ ಫೋನನ್ನು ಎತ್ತಿಕೊಂಡು ಬರೆದಳು. ಹವಾಮಾನದ ಹುಡುಗಿ ಹೇಳಿದಳು: "ಬಿಡು ಮಗಳೇ. ಪೆಟ್ಟಿಗೆಯೇ ಕೂರಲಿ." ಅದರಲ್ಲಿ ಒಂದೇ ಒಂದು ಗಂಟೆಯೂ ಇರಲಿಲ್ಲ. ನನಗೆ ಭಯವಾದದ್ದು ಅದಕ್ಕೆ.

ಮಾರನೆಯ ದಿನ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೆನ್ನೆಗೆ ಕೈ ಕೊಟ್ಟು ಕೂತಿದ್ದೆ. ಅಜ್ಜಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಕಿಟಕಿಯ ಆಚೆ ನುಗ್ಗೆ ಮರದ ಮೇಲೆ ಅಳಿಲೊಂದು ಏನೋ ಕಿತಾಪತಿ ಮಾಡುತ್ತಿತ್ತು, ಅವಳ ಕಣ್ಣು ಅಲ್ಲಿ. ಕೈ ಮಾತ್ರ ಪಕ್ಕದ ಒಗ್ಗರಣೆ ಡಬ್ಬಿಗೆ ತಾನಾಗಿ ಹೋಗಿ ಬರುತ್ತಿತ್ತು. ನಡುವಿನ ಬಟ್ಟಲಿಂದ ಸಾಸಿವೆ, ಎಡದಿಂದ ಜೀರಿಗೆ, ಮೇಲಿಂದ ಮೆಂತ್ಯ ಎರಡೇ ಕಾಳು. ಆ ಬೆರಳು ನಡುಗುತ್ತಿತ್ತು, ನಿಜ. ಆದರೂ ಒಂದು ಕಾಳು ಹೊರಗೆ ಚೆಲ್ಲಲಿಲ್ಲ. ಎಣ್ಣೆ ಚಟಪಟ ಎಂದಿತು.

ಸಿಹಿಬಾವಿಯ ಫೋನಾದರೂ ಅವಳ ಕೈಗೆ ಯಾವಾಗ ಒಗ್ಗಿತ್ತು? ಅದು ಅವಳ ತಪ್ಪುಗಳನ್ನು ಕ್ಷಮಿಸುತ್ತಿತ್ತು, ಅಷ್ಟೇ. ನಾನು ಅದರ ನಕಲು ಮಾಡುತ್ತಾ ಕೂತಿದ್ದೆ. ಅಜ್ಜಿಯ ಕೈಗೆ ಗೊತ್ತಿದ್ದ ಮುಖ ಇಲ್ಲಿ ಒಲೆಯ ಪಕ್ಕದಲ್ಲಿ, ಸ್ಟೀಲಿನ ಮುಚ್ಚಳದ ಕೆಳಗಿತ್ತು.

"ಅಜ್ಜಿ, ಆ ಡಬ್ಬಿ ಕೊಡು."

ಅವಳು ಸೌಟು ತೋರಿಸಿ ಹೆದರಿಸಿದಳು. ನಾನು ಡಬ್ಬಿ ಕಸಿದುಕೊಂಡು ಓಡಿದೆ.

ಜುಬೇದಕ್ಕ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಫೋನ್ ರಿಪೇರಿಗೆ ತಂದೋರನ್ನ ನೋಡಿದೀನಿ, ಇಂಗು ತಂದೋರನ್ನ ನೋಡಿಲ್ಲ," ಎಂದಳು. ಆದರೆ ಹೇಳಿ ಮುಗಿಸುವ ಮೊದಲೇ ಅವಳ ಕಣ್ಣು ಮಿಂಚಿತು. ಇಬ್ಬರೂ ಕೂತು ಕಟ್ಟಿದೆವು. ಫೋನಿನ ಮುಖದ ತುಂಬ ಒಂದೇ ಒಂದು ದುಂಡು ಡಬ್ಬಿ. ನಡುವೆ ಸಾಸಿವೆ: ಅದನ್ನು ಮುಟ್ಟಿದರೆ ಬರೆಯುವ ಜಾಗ. ಜೀರಿಗೆಯಲ್ಲಿ ದಿನಬಳಕೆಯ ಮಾತು. ಅರಿಸಿನದಲ್ಲಿ ಹರಕೆ, ಹಾರೈಕೆ. ಮೆಂತ್ಯದಲ್ಲಿ ಬುದ್ಧಿಮಾತು, ಕಹಿಯಾದ್ದರಿಂದ. ಕಡಲೆಬೇಳೆ, ಉದ್ದಿನಬೇಳೆಯಲ್ಲಿ ಅಜ್ಜಿಯ ಕಥೆಗಳ ತುಣುಕುಗಳು, ಬೇಕಾದಂತೆ ಹಿಂದೆಮುಂದೆ ಜೋಡಿಸಿಕೊಳ್ಳಲು. ಒಣಮೆಣಸಿನಕಾಯಿಯಲ್ಲಿ ಏನೆಂದು ಬೇರೆ ಹೇಳಬೇಕಾಗಿಲ್ಲ. ಮುಟ್ಟಿ ಬಿಟ್ಟರೆ ಚಿಟಿಕೆಯಷ್ಟು, ಒತ್ತಿ ಹಿಡಿದರೆ ಬೊಗಸೆಯಷ್ಟು.

ಮನೆಯಲ್ಲಿ ಅಜ್ಜಿಯ ಮುಂದಿಟ್ಟೆ. ಅವಳು ಕನ್ನಡಕ ಹುಡುಕಿದಳು. ಬೇಡ ಎಂದೆ. ಅಳಿಲನ್ನು ನೋಡು ಎಂದೆ. ಕಿಟಕಿಯ ಕಡೆ ತಿರುಗಿ, ಅನುಮಾನದಿಂದ, ಕೈ ಚಾಚಿದಳು. "ಬಾರೇ ಚಿನ್ನ," ಎಂದಿತು ಅವಳ ದನಿ. ಇನ್ನೊಂದು ಬಟ್ಟಲು. "ನೂರು ವರ್ಷ ಬಾಳು." ಮೆಣಸಿನಕಾಯಿ. ಅಲ್ಲೇ ಹಪ್ಪಳ ಒಣಗಿಸುತ್ತಿದ್ದ ಮಂಗಳತ್ತೆಯ ಮಡಿಲಲ್ಲಿದ್ದ ಸಿಹಿಬಾವಿಯ ಫೋನು ಟಿಣ್ ಎಂದಿತು. ಮಂಗಳತ್ತೆ ಒಂದೊಂದೇ ಹಪ್ಪಳವನ್ನು ಮಗುಚಿ ಹಾಕಿದಳು.

"ಬಿದ್ರೆ ಕೂಗುತ್ತೆ ತಾನೆ?" ಎಂದಳು ಕೊನೆಗೆ.

"ಬೀಳ್ದಿದ್ರೂ ಕೂಗುತ್ತೆ ಅತ್ತೆ."

"ಹಾಳಾಗ್ ಹೋಗ್ಲಿ," ಎಂದಳು ಮಂಗಳತ್ತೆ. ಟಿಣ್.

ಹಬ್ಬದ ಬೆಳಿಗ್ಗೆ ಅಜ್ಜಿ ತನ್ನ ಹಳೆಯ ಫೋನಿಗೆ ಕುಂಕುಮ ಇಟ್ಟು, ತವರಿಗೆ ಕಳಿಸುವ ಸೊಸೆಗೆ ಮಾಡುವಂತೆ ನೆಟಿಕೆ ಮುರಿದು, ಸಿಹಿಬಾವಿಗೆ ಇಳಿಬಿಟ್ಟಳು. ಶಾಂತವೀರಯ್ಯನವರು ಹಗ್ಗ ಹಿಡಿದಿದ್ದರು. "ಯೋಚನೆ ಮಾಡಿದೀರಾ ಹೊನ್ನಾಜಮ್ಮ?" ಎಂದರು, ಕೋಪದಿಂದಲ್ಲ. ಅಜ್ಜಿ ಅವರ ಭುಜ ತಟ್ಟಿ ಪಡುವಲಿಗೆ ನಡೆದಳು. ಉಪ್ಪುಬಾವಿಯಿಂದ ಅವಳ ಕೊಡಕ್ಕೆ ಬಂದದ್ದು ಇಟ್ಟಿಗೆ ಬಣ್ಣದ, ಇಟ್ಟಿಗೆಯಷ್ಟೇ ಭಾರದ ಒಂದು ಡುಬ್ಬ ಫೋನು. ಜುಬೇದಕ್ಕನ ಅಂಗಡಿಯಲ್ಲಿ ಅದಕ್ಕೆ ದನಿ ಕಲಿಸಿ, ಡಬ್ಬಿ ಕೂರಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತು.

ಸಂಜೆ ಊರೆಲ್ಲ ಬಯಲಿನಲ್ಲಿ ಸೇರಿತು. ಮೂಡಲಿಗೆ ಸಿಹಿಬಾವಿಯವರು, ಪಡುವಲಿಗೆ ಉಪ್ಪುಬಾವಿಯವರು, ನಡುವೆ ನೆಲದ ಮೇಲೆ ಎರಡೂ ಕಡೆಯ ಮಕ್ಕಳು. ಕಥೆಗಲ್ಲಿನ ಹಿಂದೆ ಬಾವಿಯ ಪೆಟ್ಟಿಗೆ ಹೊಸ ಬಟ್ಟೆ ಹೊದ್ದು ಕಾಯುತ್ತಿತ್ತು. ಅಜ್ಜಿ ಕಲ್ಲಿನ ಮೇಲೆ ಕೂತು, ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳು ಚಾಚಿದಳು.

"ಹೊಳೆಯುವ ಹಲ್ಲಿಗೆ ಇಂದೇ ಕೊಳ್ಳಿರಿ," ಎಂದು ಫೋನು ಹಾಡಿತು.

ಸಿಹಿಬಾವಿಯ ಕಡೆಯಿಂದ ಕಿಸಕ್ಕೆಂದು ಒಂದು ನಗು. ಅಜ್ಜಿ ಫೋನನ್ನು ಎತ್ತಿ, ತೆಂಗಿನಕಾಯಿ ಒಡೆಯುವವಳಂತೆ ಕಲ್ಲಿನ ಅಂಚಿಗೆ ಒಂದೇ ಏಟು ಕುಟ್ಟಿದಳು. ಹಾಡು ನಿಂತಿತು. ಅವಳು ಮತ್ತೆ ಅದನ್ನು ತೊಡೆಯ ಮೇಲಿಟ್ಟು, ಅದರ ಕಡೆ ನೋಡದೆ, ಎದುರಿಗಿದ್ದ ಮಕ್ಕಳನ್ನೇ ನೋಡುತ್ತಾ ಬೇಳೆಯ ಬಟ್ಟಲಿಗೆ ಕೈ ಹಾಕಿದಳು.

"ಕೇಳಿದೋರು ಹತ್ತಿರ ಬನ್ನಿ, ಕೇಳ್ದೇ ಇರೋರು ಇನ್ನೂ ಹತ್ತಿರ ಬನ್ನಿ. ಒಬ್ಬಳು ರಾಜಕುಮಾರಿ. ಅವಳ ಹಸಿವು ಅರಮನೆಗಿಂತ ದೊಡ್ಡದು."

ಅದೇ ಗೊಗ್ಗರು. ಅದೇ ನಗು. ಪಡುವಲ ಕಡೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. ಅಜ್ಜಿಯ ಕೈ ಡಬ್ಬಿಯೊಳಗೆ ಓಡಾಡುತ್ತಿತ್ತು, ಇಲ್ಲಿ ಚಿಟಿಕೆ, ಅಲ್ಲಿ ಬೊಗಸೆ. ಮಕ್ಕಳು ನಕ್ಕಲ್ಲಿ ಹಿಗ್ಗಿಸಿದಳು. ಒಂದು ಮಗು ಆಕಳಿಸಿದ್ದು ಕಂಡು ರಾಜನ ವರ್ಣನೆಯನ್ನು ಅರ್ಧಕ್ಕೇ ಬಿಟ್ಟು ರಾಕ್ಷಸಿಯನ್ನು ಕರೆತಂದಳು. ರಾಕ್ಷಸಿ ಮನೆಗೆ ಬಂದಳು, ಒನಕೆ ಹುಡುಕಿದಳು, ರಾಜಕುಮಾರಿಯ ಹೊಟ್ಟೆ ಕಂಡಳು. ಮಕ್ಕಳು ಮೊಣಕಾಲ ಮೇಲೆ ಎದ್ದರು. ಅಜ್ಜಿ ಮೆಣಸಿನಕಾಯಿಯನ್ನು ಒತ್ತಿ ಹಿಡಿದಳು.

"ಥೂ ಮೂದೇವಿ."

ಮೂಡಲ ಕಡೆಯ ಜನರ ಜೇಬು, ಸೊಂಟ, ಮಡಿಲುಗಳಿಂದ ಸಿಹಿಬಾವಿಯ ಫೋನುಗಳೆಲ್ಲ ಒಟ್ಟಿಗೆ ಟಿಣ್ ಎಂದವು.

ಅಜ್ಜಿ ಕೈ ತಡೆದಳು. ಮೂಡಲ ಕಡೆ ನೋಡಿದಳು. ಅವಳ ಮುಖದ ಮೇಲೆ ಒಂದು ನಗು ಹುಟ್ಟುವುದನ್ನು ನಾನು ಕಂಡೆ. ನಮ್ಮ ಮನೆಯಲ್ಲಿ ವರ್ಷದಿಂದ ಹುಟ್ಟದಿದ್ದ ನಗು. ಬೇಕೆಂದೇ ಇನ್ನೊಂದು ಚಿಟಿಕೆ ಹಾಕಿದಳು. "ಬೇವರ್ಸಿ." ಟಿಣ್. ಒಂದು ಗಳಿಗೆ ಕಾದು, "ಮುರುಕು ಮೋರೆಯೋಳೆ." ಟಿಣ್. ಆಮೇಲೆ ಬೊಗಸೆ ಬೊಗಸೆ. "ನಿನ್ನ ಹಿತ್ತಲಲ್ಲಿ ಕತ್ತೆ ಕುಣೀಲಿ, ಮೂಳಿ. ನಿನ್ನ ಹಿಟ್ಟು ಹಳಸ್ಲಿ, ಮೂದೇವಿ. ನಿನ್ನ ಗಂಡನ ಮೀಸೆಗೆ ಗೆದ್ಲು ಹತ್ಲಿ, ಮುಂಡೇದೆ." ಪ್ರತಿ ಸಾಲಿನ ಕೊನೆಗೆ ಇಡೀ ಮೂಡಲ ಕಡೆ ಗಂಟೆ ಹೊಡೆಯಿತು, ಮಂಗಳಾರತಿಯ ಹೊತ್ತಿನ ಹಾಗೆ. ಅಜ್ಜಿ ಎಡಗೈ ಎತ್ತಿ ತಾಳ ಹಿಡಿದಳು. ಪಡುವಲ ಕಡೆಯವರು ಬೈಗುಳ ಒಪ್ಪಿಸಿದರು, ಮೂಡಲ ಕಡೆಯ ಫೋನುಗಳು ಗಂಟೆ ಹಿಡಿದವು, ನಡುವೆ ಮಕ್ಕಳು ಎರಡನ್ನೂ ಕೂಗಿದರು. ಕಮ್ಮಾರರ ಬೀದಿಯ ಹುಂಜವೂ ಒಮ್ಮೆ ಕೂಗಿತು. ಈ ಹಿಮ್ಮೇಳ ಇಲ್ಲದೆ ಒನಕೆ ಕಥೆಯನ್ನು ಇಷ್ಟು ದಿನ ಹೇಗೆ ಕೇಳಿದೆವೋ ಎನ್ನಿಸಿತು. ಮಂಗಳತ್ತೆ ಕಣ್ಣೀರು ಬರುವ ಹಾಗೆ ನಗುತ್ತಾ ತನ್ನ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು, ಗಂಟೆ ಇನ್ನಷ್ಟು ದೂರ ಕೇಳಲಿ ಎಂದು.

ರಾಜಕುಮಾರಿ ಒನಕೆಯನ್ನು ಉಗುಳಿ, ಅದರಿಂದಲೇ ರಾಕ್ಷಸಿಯನ್ನು ಕುಟ್ಟಿ, ಆ ಹಿಟ್ಟಿನಿಂದ ಊರಿಗೆಲ್ಲ ರೊಟ್ಟಿ ತಟ್ಟಿದ ಮೇಲೆ ಕಥೆ ಮುಗಿಯಿತು. ಜನ ಎದ್ದು ಹೋಗಲಿಲ್ಲ. ಎರಡು ಕಡೆಯವರೂ ಕಲ್ಲಿನ ಸುತ್ತ ಕಲೆತುಬಿಟ್ಟರು. ಆ ಗದ್ದಲದಲ್ಲಿ ಶಾಂತವೀರಯ್ಯನವರು ಮೆಲ್ಲಗೆ ಬಂದು, ಪೆಟ್ಟಿಗೆಯನ್ನು ತಾವೇ ಎತ್ತಿ ಬಗಲಲ್ಲಿ ಇಟ್ಟುಕೊಂಡರು. ಹೋಗದೆ ಅಲ್ಲೇ ನಿಂತರು.

"ಹೊನ್ನಾಜಮ್ಮ," ಎಂದರು ತಗ್ಗಿದ ದನಿಯಲ್ಲಿ, "ನಾವು ಸಣ್ಣೋರಿದ್ದಾಗ ಮೀಸೆ ಬೈಗುಳ ಆದ್ಮೇಲೆ ಇನ್ನೊಂದಿತ್ತು. ಬೂದುಗುಂಬಳಕಾಯಿದು. ಅದನ್ನ ಬಿಟ್ರಿ."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಹುಡುಕುತ್ತಿದ್ದ ಹುಡುಗ ಸಿಕ್ಕಿದ ಹಾಗಿತ್ತು. ಆಮೇಲೆ ಕಣ್ಣು ಅವರ ಮುಖದ ಮೇಲೇ ಇಟ್ಟು, ಕೈಯನ್ನು ಡಬ್ಬಿಗೆ ಇಳಿಸಿದಳು.

"ನಿನಗೆ ಅಂತಾನೇ ಇಟ್ಟಿದ್ದೆ ಕಣೋ ಶಾಂತವೀರ," ಎಂದಿತು ಅವಳ ದನಿ, "ಬೂದುಗುಂಬಳಕಾಯಿ ತಲೆಯೋನೆ, ಬೇವರ್ಸಿ."

ಇಸ್ತ್ರಿ ಅಂಗಿಯ ಜೇಬಿನೊಳಗೆ, ಅಂದಿನ ಎಲ್ಲ ಗಂಟೆಗಳಿಗಿಂತ ಜೋರಾಗಿ, ಟಿಣ್ ಎಂದಿತು.